ಕಪ್ಪು ಕಾರಿನ ಮೇಲಿನ ಬಿಳಿ ಕಲೆ

 

ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷಾಪಾತ್ರೆಯ ಆರೈಕೆಗೆ ಸಂಬಂಧಿಸಿದ ಸಣ್ಣ ಸಣ್ಣ ನಿಯಮಗಳಿವೆ. ಒದ್ದೆ ಪಾತ್ರೆಯನ್ನು ಹಾಗೇ ಎತ್ತಿಡಬಾರದು, ನೀರು ಬಸಿದು ಬಿಸಿಲಿಗಿಟ್ಟು ಒಣಗಿಸಬೇಕು. ಆದರೆ ಬಹಳ ಹೊತ್ತು ಬಿಸಿಲಲ್ಲಿ ಬಿಟ್ಟರೆ ಪಾತ್ರೆಯ ಬಣ್ಣ ಕೆಡುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಮಾತ್ರ. ಎಲ್ಲವನ್ನೂ ಬಿಟ್ಟು ಬಂದವರಿಗೆ ಪಾತ್ರೆಯ ಬಣ್ಣದ ಚಿಂತೆ ಏಕೆ ಎಂದು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಿತ್ತು.

ಈ ವಾರ ಅದು ಮತ್ತೆ ನೆನಪಾದದ್ದು ಗುಂಪಿನ ಹಿರಿಯರೊಬ್ಬರು ಕೇಳಿದ ಪ್ರಶ್ನೆಯಿಂದ. ಅವರು ಹೊಸದಾಗಿ ಕಪ್ಪು ಕಾರು ಕೊಂಡಿದ್ದಾರೆ. ಅದರ ಮೇಲೆ ನೀರಿನ ಕಲೆ ಕೂರದಂತೆ ನೋಡಿಕೊಳ್ಳುವುದು ಕಾಳಜಿಯೋ, ಉಪಾದಾನವೋ? ಕೆಲವರು ನಗುವ ಮುಖ ಕಳಿಸಿ ಸುಮ್ಮನಾದರು. ನನಗೆ ಪ್ರಶ್ನೆ ಹಿಡಿಸಿತು.

ಕಲೆ ಹೇಗಾಗುತ್ತದೆ ನೋಡಿ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗಿರುತ್ತವೆ. ಹನಿ ಆರಿದಾಗ ನೀರು ಹೋಗುತ್ತದೆ, ಹೊತ್ತು ತಂದದ್ದು ಉಳಿಯುತ್ತದೆ. ಬಚ್ಚಲಿನ ನಲ್ಲಿಗೆ ಕಟ್ಟುವ ಬಿಳಿ ಪೊರೆಯೂ ಇದೇ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುವುದರಿಂದ ಬಾನೆಟ್ ಬೇಗ ಕಾಯುತ್ತದೆ, ಬಟ್ಟೆ ತಲುಪುವ ಮೊದಲೇ ಹನಿ ಆರಿರುತ್ತದೆ. ಪಕ್ಕದ ಬಿಳಿ ಕಾರಿಗೂ ಅದೇ ನೀರು ಬಿದ್ದಿದೆ, ಅದೇ ಸುಣ್ಣ ಕೂತಿದೆ. ಕಾಣುವುದಿಲ್ಲ ಅಷ್ಟೆ. (ಬಿಳಿ ಕಾರಿನವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ!)

ಗಡಸು ನೀರು, ಶಾಖ, ಒರೆಸದೆ ಬಿಟ್ಟ ಹೊತ್ತು. ಮೂರೂ ಕೂಡಿದರೆ ಕಲೆ. ಪಟಿಚ್ಚಸಮುಪ್ಪಾದವನ್ನು ನಾವು ಹನ್ನೆರಡು ಕೊಂಡಿಗಳಾಗಿ ಬಾಯಿಪಾಠ ಮಾಡುತ್ತೇವೆ, ಆದರೆ ಬಾನೆಟ್ಟಿನ ಮೇಲೆ ಕಣ್ಣಿಗೇ ಕಾಣುವ ಹೇತುಗಳನ್ನು ಗಮನಿಸುವುದಿಲ್ಲ. ಒಂದನ್ನು ತಪ್ಪಿಸಿದರೂ ಸಾಕು. ನೆರಳಲ್ಲಿ, ಕಾರು ತಣ್ಣಗಾದ ಮೇಲೆ, ಒಂದೊಂದೇ ಭಾಗ ತೊಳೆದು ಆಗಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿ. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಚೆನ್ನಾಗಿ ತೊಳೆದು ಒರೆಸಿ. ಹಳೆಯದಾಗಿ ಬಣ್ಣವನ್ನೇ ಕೊರೆದಿದ್ದರೆ ಪಾಲಿಶ್ ಬೇಕು. ಪಾಲಿಶ್ ಎಂದರೆ ಬಣ್ಣದ ಮೇಲಿನ ತೆಳು ಕ್ಲಿಯರ್‌ಕೋಟನ್ನು ಕಲೆಯ ಆಳದವರೆಗೂ ಸವೆಸುವುದು. ಅದು ಎಷ್ಟು ಸಲ ಸಾಧ್ಯ? ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲೆಯೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನೀರು ಮಣಿಮಣಿಯಾಗಿ ನಿಂತು ಅಲ್ಲೇ ಆರಿದರೆ ಸುಣ್ಣದ ಉಂಗುರ ಇನ್ನೂ ಸ್ಪಷ್ಟ.

ಇಷ್ಟೆಲ್ಲ ಮಾಡುವುದು ಉಪಾದಾನ ಎಂದು ನನಗೆ ಅನ್ನಿಸುವುದಿಲ್ಲ. ಪಾತ್ರೆಯನ್ನು ಒಣಗಿಸಿ ಎತ್ತಿಡುವ ಭಿಕ್ಷು ಪಾತ್ರೆಗೆ ಅಂಟಿಕೊಂಡವನಲ್ಲ. ಆದರೆ ಆ ಭಿಕ್ಷು ತನ್ನ ಪಾತ್ರೆಯನ್ನು ತಾನೇ ಒಣಗಿಸುತ್ತಿದ್ದ. ನಮ್ಮ ಕಾರುಗಳನ್ನು ತೊಳೆಯುವವರು ಯಾರು?

ಬೆಳಗಿನ ಜಾವ ಬೇಸ್‌ಮೆಂಟಿಗೆ ಬರುವ ಹುಡುಗ. ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆ, ಎಂಟು ಗಂಟೆಯೊಳಗೆ ಹತ್ತಾರು ಕಾರು. ಒದ್ದೆ ಕಾರನ್ನೇ ನಾವು ಬಿಸಿಲಿಗೆ ಓಡಿಸಿಕೊಂಡು ಹೋಗುತ್ತೇವೆ. ಸಂಜೆ ಚುಕ್ಕೆ ಕಂಡರೆ, "ಏನಪ್ಪಾ, ಸರಿಯಾಗಿ ಒರೆಸೋಕೂ ಬರಲ್ವಾ?" ಬೋರ್‌ವೆಲ್ ಕೊರೆಸಿದವನು ಅವನಲ್ಲ, ಕಪ್ಪು ಬಣ್ಣ ಆರಿಸಿದವನೂ ಅಲ್ಲ. ಒರೆಸುವ ಹೊತ್ತೊಂದೇ ಅವನ ಕೈಲಿರುವುದು, ಆ ಹೊತ್ತಿಗೆ ನಾವು ದುಡ್ಡು ಕೊಡುತ್ತಿಲ್ಲ. ಉಪಾದಾನವನ್ನು ಹುಡುಕುವುದಾದರೆ ನಾನು ಇಲ್ಲಿ ಹುಡುಕುತ್ತೇನೆ: ಹತ್ತು ಕಾರಣಗಳಲ್ಲಿ ಎಲ್ಲಕ್ಕಿಂತ ಬಡವನಾದ ಕಾರಣವನ್ನು ಹಿಡಿದು ಬೈಯುವ ಆ ಮಾತಿನಲ್ಲಿ.

ನೀರಿನ ವಿಷಯವೂ ಉಂಟು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಎಂದಿತ್ತು. ಅಂದಿನಿಂದ ಹಲವರು ಆರ್‌ಓ ಯಂತ್ರ ಹೊರಹಾಕುವ ನೀರನ್ನು ಹಿಡಿದಿಟ್ಟು ಕಾರಿಗೆ ಬಳಸುತ್ತಾರೆ. ಒಳ್ಳೆಯ ಕೆಲಸ. ಆದರೆ ಆ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಕಪ್ಪು ಕಾರಿನ ಮೇಲೆ ಕಲೆಯೂ ಹೆಚ್ಚು. ಹಾಗಾಗಿ ಅದು ಚಕ್ರಕ್ಕೆ, ಮ್ಯಾಟಿಗೆ ಇರಲಿ. ಮೈಗೆ ಬೇರೆ ನೀರು, ಅದೂ ಕಡಿಮೆ. ಬೇಸಿಗೆಯಲ್ಲಿ ನಾಲ್ಕು ಚುಕ್ಕೆ ಕಂಡರೆ ಕಾಣಲಿ.

ಹಿರಿಯರಿಗೆ ನಾನು ಬರೆದದ್ದು ಇಷ್ಟು: ದಿನಾ ತೊಳೆಸಬೇಡಿ, ವಾರಕ್ಕೆ ಎರಡು ಸಲ ಸಾಕು. ಸಂಬಳ ಅಷ್ಟೇ ಇರಲಿ. ಎರಡು ಒಣ ಮೈಕ್ರೋಫೈಬರ್ ಬಟ್ಟೆ ಕೊಡಿಸಿ, ನಿಧಾನವಾಗಿ ಒರೆಸಪ್ಪಾ ಅನ್ನಿ. ಅವರು ಇನ್ನೂ ಉತ್ತರಿಸಿಲ್ಲ. ಎರಡು ನೀಲಿ ಗೆರೆ ಮಾತ್ರ ಬಂದಿದೆ.