ಪ್ರಾಣಕ್ಕಿಂತ ದೊಡ್ಡ ತ್ಯಾಗ

ತನ್ನ ನಂಬಿಕೆಗಾಗಿ ಪ್ರಾಣ ತೆರುವವನನ್ನು ಲೋಕವು ಗೌರವಿಸುತ್ತದೆ. ಆದರೆ ಅವನನ್ನು ನಂಬಿ ಹಿಂಬಾಲಿಸಿದವರ ಪ್ರಾಣವನ್ನೂ ಪಣಕ್ಕಿಡುವ ಹಕ್ಕು ಅವನಿಗುಂಟೇ? ಸುಡಾನಿನ ಸೇನಾನಿ ಅಬ್ದುಲ್ ರಹಮಾನ್ ಅಲ್ ನುಜುಮಿಯ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಈಜಿಪ್ಟ್ ಆಡಳಿತದ ತೆರಿಗೆಗಳಿಂದಲೂ ಅಧಿಕಾರಿಗಳ ದಬ್ಬಾಳಿಕೆಯಿಂದಲೂ ಸುಡಾನಿನ ಜನರು ಬಸವಳಿದಿದ್ದ ಕಾಲವದು. 1881ರಲ್ಲಿ ಮೊಹಮ್ಮದ್ ಅಹ್ಮದ್ ಎಂಬ ಧಾರ್ಮಿಕ ಗುರು, ಜನರು ಎದುರುನೋಡುತ್ತಿದ್ದ ‘ಮಹ್ದಿ’ ತಾನೇ ಎಂದು ಸಾರಿ ದಂಗೆಯೆದ್ದನು. ಆರಂಭದಿಂದಲೇ ಅವನನ್ನು ಸೇರಿದವರಲ್ಲಿ ನುಜುಮಿಯೂ ಒಬ್ಬ. 1883ರ ನವೆಂಬರ್‌ನಲ್ಲಿ ಹಿಕ್ಸ್ ಎಂಬ ಆಂಗ್ಲ ಅಧಿಕಾರಿಯ ಸೇನೆಯು ನಿರ್ನಾಮವಾದ ಯುದ್ಧದಲ್ಲಿಯೂ, 1885ರ ಜನವರಿ 26ರಂದು ಖಾರ್ಟೂಮ್ ನಗರವು ಬಿದ್ದಾಗಲೂ ಅವನು ಮುಂಚೂಣಿಯ ಸೇನಾನಿಯಾಗಿದ್ದನು. ಅಂದು ಮಡಿದ ಜನರಲ್ ಗಾರ್ಡನ್ ದೃಢ ವಿಶ್ವಾಸಿಯಾದ ಕ್ರೈಸ್ತ. ಅಚಲ ನಿಷ್ಠೆ ಯಾವುದೇ ಒಂದು ಮತದ ಸೊತ್ತಲ್ಲ.

ಅದೇ ವರ್ಷ ಜೂನ್‌ನಲ್ಲಿ ಮಹ್ದಿ ತೀರಿಕೊಂಡನು. ಉತ್ತರಾಧಿಕಾರಿಯಾದ ಖಲೀಫಾ ಅಬ್ದುಲ್ಲಾಹಿಯ ಆಜ್ಞೆಯಂತೆ 1889ರಲ್ಲಿ ನುಜುಮಿ ಈಜಿಪ್ಟಿನ ಮೇಲೆ ದಂಡೆತ್ತಿ ಹೊರಟನು. ನಾಡಿನಲ್ಲಿ ಭೀಕರ ಕ್ಷಾಮ. ಯೋಧರೊಂದಿಗೆ ಸಾವಿರಾರು ಹೆಂಗಸರೂ ಮಕ್ಕಳೂ ಇದ್ದರು. ನೈಲ್ ನದಿ ಕಣ್ಣಳತೆಯಲ್ಲಿಯೇ ಇದ್ದರೂ ಶತ್ರುಗಳ ದೋಣಿಗಳೂ ಬಂದೂಕುಗಳೂ ಅವರನ್ನು ನೀರಿನಿಂದ ದೂರವಿಟ್ಟಿದ್ದವು. ಜನರು ಹಸಿವು ಬಾಯಾರಿಕೆಗಳಿಂದ ದಾರಿಯಲ್ಲೇ ಸತ್ತರು. ಎದುರಾಳಿ ಸೇನಾಪತಿ ಗ್ರೆನ್‌ಫೆಲ್ ಶರಣಾಗುವಂತೆ ಪತ್ರ ಬರೆದನು. ನುಜುಮಿ ಒಪ್ಪಲಿಲ್ಲ. ಆಗಸ್ಟ್ 3ರಂದು ತೋಸ್ಕಿಯಲ್ಲಿ ಅವನ ಸೇನೆ ನಾಶವಾಯಿತು. ಅವನೂ ಹೋರಾಡುತ್ತಲೇ ಮಡಿದನು.

ಅವನ ಧೈರ್ಯ ನಿಜವಾದದ್ದು, ವಿಧೇಯತೆಯೂ ನಿಜವಾದದ್ದು. ಆದರೆ ಈ ಸದ್ಗುಣಗಳು ಹಸಿದ ಮಗುವಿಗೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಕಷ್ಟವನ್ನು ಲೆಕ್ಕಿಸುತ್ತ ಕುಳಿತರೆ ಅನ್ಯಾಯದ ವಿರುದ್ಧ ಹೋರಾಡುವುದು ಹೇಗೆಂದು ಕೇಳಬಹುದು. ಆ ಮಾತು ಹೋರಾಟವನ್ನು ತಾನಾಗಿಯೇ ಆರಿಸಿಕೊಂಡವನಿಗೆ ಸಲ್ಲುತ್ತದೆ. ತಾಯಿಯ ಸೆರಗು ಹಿಡಿದು ನಡೆದ ಮಗುವಿಗೆ ಸಲ್ಲದು. ಪ್ರಾಣ ಕೊಡಲು ನುಜುಮಿ ಸಿದ್ಧನಿದ್ದನು. ಆದರೆ ಆ ಜನರನ್ನು ಉಳಿಸಲು ಅವನು ಕೊಡಬೇಕಾಗಿದ್ದುದು ಪ್ರಾಣವನ್ನಲ್ಲ, ಮಾನವನ್ನು. ಸೋತವನೆಂಬ ಹೆಸರನ್ನು ಹೊತ್ತು ಬದುಕುವುದು ಶೂರನಿಗೆ ಸಾವಿಗಿಂತ ಕಠಿಣವಾದ ತ್ಯಾಗ.

ನಮ್ಮ ಮನೆಗಳಲ್ಲಿ ಸೈನ್ಯವಿಲ್ಲ, ಹಿಂಬಾಲಿಸುವವರಿದ್ದಾರೆ. ಅಂಗೈಯಗಲ ಜಮೀನಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವಾಗ, ತತ್ವಕ್ಕಾಗಿ ಹೋರಾಡುತ್ತಿದ್ದೇನೆಂದು ಇಬ್ಬರೂ ಹೇಳುತ್ತಾರೆ. ಮಕ್ಕಳ ಶಾಲೆಯ ಶುಲ್ಕ ಮಾತ್ರ ಬಾಕಿ ಉಳಿಯುತ್ತದೆ. ನಮ್ಮ ಛಲಕ್ಕೆ ಬೆಲೆ ತೆರುತ್ತಿರುವವರು ಯಾರೆಂದು ಒಮ್ಮೆ ಹಿಂತಿರುಗಿ ನೋಡೋಣ.