ಅಜ್ಜಿಯ ಬೋಧನೆಯನ್ನು ಶೋಧಿಸಬಹುದೋ?

ಸತ್ತವರನ್ನು ಕುರಿತು ಒಳ್ಳೇದನ್ನೇ ಆಡಬೇಕೆಂಬ ವಾಡಿಕೆಯು ನಮ್ಮ ಊರುಗಳಲ್ಲಿ ಬಹು ದೃಢವಾಗಿ ನೆಲೆಗೊಂಡಿದೆ. ಸಮಾಧಿಯ ಪ್ರಾರ್ಥನೆ ಮುಗಿದು ಜನರು ಅಂಗಳದಲ್ಲಿ ಕೂತಾಗ ಒಬ್ಬೊಬ್ಬರು ಒಂದೊಂದು ಸದ್ಗುಣವನ್ನು ಹೇಳುತ್ತಾರೆ. ಮಿಕ್ಕದ್ದನ್ನು ಎಲ್ಲರೂ ಬಲ್ಲರು, ಯಾರೂ ಹೇಳುವದಿಲ್ಲ. ದುಃಖದ ದಿನದಲ್ಲಿ ಇದು ಯುಕ್ತವೇ. ಆದರೆ ಇಪ್ಪತ್ತು ವರುಷ ಕಳೆದ ಮೇಲೆಯೂ ಹಾಗೆಯೇ ನಡಿಸುವದು ಪ್ರೀತಿಯೋ ಸುಳ್ಳೋ ಎಂಬದನ್ನು ವಿಚಾರಿಸಬೇಕು. ಅಜ್ಜಿಯರ ವಿಷಯದಲ್ಲಿ ಈ ಪ್ರಶ್ನೆಯು ಇನ್ನೂ ಕಠಿಣವಾದದ್ದು. ಯಾಕಂದರೆ ತಂದೆಯ ಮಾತನ್ನು ಪರೀಕ್ಷಿಸುವವನು ಸಹ ಅಜ್ಜಿಯ ಮಾತನ್ನು ಪರೀಕ್ಷಿಸುವದಿಲ್ಲ. ಅದು ಅನ್ನದ ತುತ್ತಿನ ಸಂಗಡವೇ ಒಳಗೆ ಹೋಗಿರುತ್ತದೆ.

ನಮ್ಮ ತಂದೆಯ ತಾಯಿಯು ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ಗೇಣಿಯ ಗದ್ದೆ ಮಾಡಿಕೊಂಡಿದ್ದ ಮನೆಯವಳು. ಮಿಶನ್ ಶಾಲೆಯಲ್ಲಿ ನಾಲ್ಕನೇ ತರಗತಿಯ ವರೆಗೆ ಓದಿ, ಎಳೇ ಪ್ರಾಯದಲ್ಲಿಯೇ ವಿಧವೆಯಾಗಿ, ನಾಲ್ಕು ಮಕ್ಕಳನ್ನು ಸಾಕಿದಳು. ಆಕೆಯ ಕೋಣೆಯಲ್ಲಿ ಹುಲ್ಲಿನ ಹಗ್ಗದಿಂದ ಬಿಗಿದ ಅಕ್ಕಿಯ ಮುಡಿಯೂ ಅದರ ಪಕ್ಕದಲ್ಲಿ ಒಂದು ಸೇರೂ ಇರುತ್ತಿದ್ದವು. ಮುಡಿಗೆ 42 ಸೇರು. 1962ರೊಳಗೆ ದೇಶದಲ್ಲೆಲ್ಲಾ ಕಿಲೋಗ್ರಾಮು ಬಂದು ಸೇರು ಕಾನೂನಿನಿಂದ ಹೋಯಿತು. ನಮ್ಮ ಅಜ್ಜಿಯ ಮನೆಯಿಂದ ಮಾತ್ರ ಆಕೆಯು ಇರುವ ತನಕ ಹೋಗಲಿಲ್ಲ. ಆಟಿ ತಿಂಗಳಲ್ಲಿ ಮಳೆ ಹಿಡಿದು ಕೂಲಿಯಿಲ್ಲದಾಗ ನೆರೆಹೊರೆಯವರು ಅಕ್ಕಿ ಸಾಲಕ್ಕೆ ಬರುವರು. ಕೊಡುವಾಗ ಆಕೆಯು ಸೇರಿನ ಮೇಲೆ ಗೋಪುರವಾಗುವಷ್ಟು ತುಂಬಿ ಸುರಿಯುವಳು. ಅವರು ತಿರಿಗಿ ತಂದಾಗ ಅಂಗೈಯಿಂದ ಬಾಯಿಯ ಮಟ್ಟಕ್ಕೆ ಸವರಿ, ಸವರಿದ್ದನ್ನು ಅವರ ಬುಟ್ಟಿಗೇ ಹಾಕುವಳು. ಪ್ರತಿ ಸೇರಿಗೆ ಒಂದು ಹಿಡಿ ನಷ್ಟವಲ್ಲವೇ ಎಂದು ನಾವು ಕೇಳಿದಾಗ, "ಹಸಿದವನಿಗೆ ಸೇರು ದೊಡ್ಡದಾಗಿರಬೇಕು ಮಗಾ, ನಮಗೆ ಸಣ್ಣದಾದರೂ ಸಾಕು" ಎಂದಳು.

ಮಾತಿನಲ್ಲಿಯೂ ಆಕೆಯ ಅಳತೆ ಅಂಥದ್ದೇ. ಸಾಲಗಾರನು ಬಂದರೆ ಮಕ್ಕಳ ಬಾಯಿಂದ "ಮನೆಯಲ್ಲಿಲ್ಲ" ಎಂದು ಹೇಳಿಸುವದು ಊರಲ್ಲಿ ಸಾಮಾನ್ಯ. ನಮ್ಮ ಅಜ್ಜಿಯು ತಾನೇ ಅಂಗಳದ ತುದಿಗೆ ಹೋಗಿ ನಿಂತು, "ಇದ್ದೇನೆ, ಹಣ ಇಲ್ಲ" ಎಂದು ಹೇಳುವಳು. ಇಷ್ಟನ್ನೇ ಬರೆದು ನಿಲ್ಲಿಸಿದ್ದರೆ ಎಲ್ಲರೂ ಮೆಚ್ಚುವ ಲೇಖನವಾಗುತ್ತಿತ್ತು.

ಆದರೆ ಆಕೆಯು ಕಲಿಸಿದ್ದು ಇಷ್ಟೇ ಅಲ್ಲ. ಮಕ್ಕಳಿಗೆ ಭೇದಿಯಾದರೆ ಗಂಜಿಯ ತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಬೇಕೆಂದು ಹೇಳುತ್ತಿದ್ದಳು. ಇದು ಸರಿಯಾದ ಮಾತು. 1971ರಲ್ಲಿ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರಿಗೆ ವಾಂತಿಭೇದಿ ಬಂದಾಗ ಡಾಕ್ಟರ್ ದಿಲೀಪ ಮಹಾಲನಬೀಸರು ಉಪ್ಪು ಸಕ್ಕರೆಯ ನೀರನ್ನು ಕುಡಿಸಿ ಬಹು ಜನರನ್ನು ಉಳಿಸಿದರು. ಅದೇ ಅಜ್ಜಿಯು ಬಾಣಂತಿಯ ಮೊದಲ ಹಾಲು ಕೂಸಿಗೆ ಆಗದೆಂದು ಹಿಂಡಿ ಚೆಲ್ಲಿಸಿ ಕೂಸಿನ ಬಾಯಿಗೆ ಜೇನು ಸವರಿಸುತ್ತಿದ್ದಳು. ಹುಟ್ಟಿದ ಒಂದು ತಾಸಿನೊಳಗೆ ಆ ಹಾಲನ್ನೇ ಕೊಡಬೇಕೆಂದೂ, ಅದು ಕೂಸಿಗೆ ರೋಗದಿಂದ ಕಾವಲೆಂದೂ, ಎಳೆಗೂಸಿಗೆ ಜೇನು ಅಪಾಯವೆಂದೂ ಈಗ ವೈದ್ಯರೆಲ್ಲರೂ ಹೇಳುತ್ತಾರೆ. ಎರಡನ್ನೂ ಆಕೆಯು ಒಂದೇ ಪ್ರೀತಿಯಿಂದ ಮಾಡಿದಳು. ಪ್ರೀತಿಯಿಂದ ಹೇಳಿದ್ದೆಲ್ಲಾ ಸತ್ಯವಾಗಿರುವದಿಲ್ಲವೆಂಬದು ಇದರಿಂದ ತಿಳಿಯುತ್ತದೆ. ಇಲ್ಲಿ ತಪ್ಪಿದ್ದು ತಿಳುವಳಿಕೆ ಮಾತ್ರ. ಇದಕ್ಕಾಗಿ ಆಕೆಯನ್ನು ಯಾರೂ ದೂಷಿಸಲಾರರು.

ಇನ್ನೊಂದು ಸಂಗತಿಯು ಭಾರವಾದದ್ದು. ಬಳ್ಳಿಯ ಬುಟ್ಟಿ ಹೆಣೆದು ತರುವ ಕೊರಗ ಜನಾಂಗದ ಒಬ್ಬ ಹೆಂಗಸು ನಮ್ಮ ಮನೆಗೆ ಬರುತ್ತಿದ್ದಳು. ಬುಟ್ಟಿಯ ಬೆಲೆಗೆ ಅಜ್ಜಿಯು ಕೊಡುವ ಅಕ್ಕಿಯು ಸೇರು ತುಂಬಿಯೇ ಇರುತ್ತಿತ್ತು, ಮೋಸವಿರಲಿಲ್ಲ. ಆದರೆ ಅದನ್ನು ಆ ಹೆಂಗಸಿನ ಸೆರಗಿಗೆ ಮೇಲಿನಿಂದ ಸುರಿಯುವಳು. ಕುಡಿಯಲು ಕೊಡುವ ಗಂಜಿಗೆ ಮಾಡಿನ ಅಡಿಯಲ್ಲಿ ಸಿಕ್ಕಿಸಿಟ್ಟ ಒಂದು ತೆಂಗಿನ ಗೆರಟೆಯಿತ್ತು. ನಮ್ಮ ಮನೆತನವು ಮೂರು ತಲೆಯಿಂದ ದೀಕ್ಷಾಸ್ನಾನ ಹೊಂದಿದ್ದು. ಅಸ್ಪೃಶ್ಯತೆಯು 1950ರಲ್ಲಿಯೇ ರಾಜ್ಯಾಂಗದಿಂದ ರದ್ದಾಗಿ, 1955ರ ಕಾನೂನಿನಿಂದ ಶಿಕ್ಷೆಗೆ ಯೋಗ್ಯವಾಗಿತ್ತು. ಆದರೂ ಗೆರಟೆಯು ಮಾಡಿನ ಅಡಿಯಲ್ಲೇ ಇತ್ತು. "ಹಿರಿಯರಿಂದ ಬಂದದ್ದು ಮಗಾ, ನೀನು ಮುಟ್ಟಬೇಡ" ಎಂದು ಆಕೆಯು ನಮಗೆ ಕಲಿಸಿದಳು. ಇದೂ ಆಕೆಯ ಬೋಧನೆಯೇ.

ನಮ್ಮ ಬಂಧುಗಳು ಈ ಸಂಗತಿಯನ್ನು ಎತ್ತಿದ ಕೂಡಲೇ, "ಅದು ಆ ಕಾಲ" ಎನ್ನುತ್ತಾರೆ. ಆ ಉತ್ತರದಲ್ಲಿ ಸ್ವಲ್ಪ ನಿಜವಿದೆ, ಪೂರಾ ನಿಜವಿಲ್ಲ. ಹೇಗಂದರೆ, ಇದೇ ಜಿಲ್ಲೆಯಲ್ಲಿ, ನಮ್ಮ ಅಜ್ಜಿಯು ಹುಟ್ಟುವದಕ್ಕೆ ಮುಂಚೆಯೇ, ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತ ವರ್ಗದ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಅವರಿಗಾಗಿ ಒಂದು ಮಿಶನನ್ನೇ ಸ್ಥಾಪಿಸಿ, ತಮ್ಮ ಜಾತಿಯವರಿಂದ ಬಂದ ತಿರಸ್ಕಾರವನ್ನು ಸಹಿಸಿದರು. ಅವರು ನಮ್ಮ ಸಭೆಯವರಲ್ಲ. ಕಾಲವು ಒಂದೇ, ಊರಿನ ಗಾಳಿಯು ಒಂದೇ. ಆದದರಿಂದ ತಪ್ಪನ್ನೆಲ್ಲಾ ಕಾಲದ ಮೇಲೆ ಹಾಕಲಿಕ್ಕಾಗದು. ಕೊರಗರನ್ನು ಹೀನೈಸುವ ಅಜಲು ಪದ್ಧತಿಯನ್ನು ತಡೆಯುವದಕ್ಕೆ 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತೆಂಬದನ್ನು ನೋಡಿದರೆ, "ಆ ಕಾಲ" ಎಂಬದು ಎಲ್ಲಿ ಮುಗಿಯಿತೆಂದು ಹೇಳುವದೂ ಕಷ್ಟವೇ.

ಹಿರಿಯರ ಬೋಧನೆಯನ್ನು ಶೋಧಿಸುವದು ಅವರನ್ನು ಅವಮಾನಪಡಿಸುವದಲ್ಲವೇ ಎಂದು ಕೆಲವರು ಕೇಳಬಹುದು. ಸತ್ಯವೇದದಲ್ಲಿ ನಾವು ಇಬ್ಬರು ಅಜ್ಜಿಯರನ್ನು ಕಾಣುತ್ತೇವೆ. ತಿಮೊಥೆಯ ಅಜ್ಜಿಯಾದ ಲೋವಿಯನ್ನು ಕುರಿತು ಎಲ್ಲರೂ ಪ್ರಸಂಗ ಕೇಳಿದ್ದೀರಿ. ಮತ್ತೊಬ್ಬಳು ಅರಸನಾದ ಆಸನ ಮನೆಯ ಮಾಕಳು. ಗ್ರಂಥದಲ್ಲಿ ಆಕೆಯನ್ನು ಅವನ ತಾಯಿಯೆಂದು ಬರೆದಿದ್ದರೂ, ಅವನ ತಂದೆಯಾದ ಅಬೀಯಾಮನ ತಾಯಿಯೂ ಅವಳೇ ಆಗಿರುವದರಿಂದ, ಅಜ್ಜಿಯೆಂದು ಅನೇಕ ಪಂಡಿತರು ತಿಳಿಯುತ್ತಾರೆ. ಆಕೆಯು ಮಾಡಿಸಿದ ವಿಗ್ರಹವನ್ನು ಆಸನು ಕಡಿದು ಕಿದ್ರೋನ್ ಹಳ್ಳದಲ್ಲಿ ಸುಡಿಸಿ, ಆಕೆಯನ್ನು ರಾಜಮಾತೆಯ ಪದವಿಯಿಂದ ಇಳಿಸಿದನು. ಆಕೆಯನ್ನು ಕೊಂದನೆಂದಾಗಲಿ ಮನೆಯಿಂದ ಅಟ್ಟಿದನೆಂದಾಗಲಿ ಅಲ್ಲಿ ಬರೆದಿಲ್ಲ. ಸುಟ್ಟದ್ದು ವಿಗ್ರಹವನ್ನು, ಅಜ್ಜಿಯನ್ನಲ್ಲ. ನಮ್ಮ ಅಜ್ಜಿಯರಲ್ಲಿ ಹೆಚ್ಚಿನವರು ಅರ್ಧ ಲೋವಿ, ಅರ್ಧ ಮಾಕ ಎಂಬದು ನಮ್ಮ ಅಭಿಪ್ರಾಯ. ಅಂಗಳದ ತುದಿಯಲ್ಲಿ ನಿಂತು ತನ್ನ ಬಡತನವನ್ನು ಮರೆಮಾಡದೆ ಹೇಳಿದ ಹೆಂಗಸು ತನ್ನ ವಿಷಯದಲ್ಲಿ ಮೊಮ್ಮಕ್ಕಳು ಸುಳ್ಳಾಡುವದನ್ನು ಮೆಚ್ಚುವಳೆಂದು ನಮಗೆ ತೋರುವದಿಲ್ಲ.

ಹೋದ ವರುಷ ಕುಟುಂಬದವರು ಕೂಡಿದಾಗ ನಾವು ಮಕ್ಕಳಿಗೆ ಸೇರಿನ ಸಂಗತಿಯನ್ನೂ ಗೆರಟೆಯ ಸಂಗತಿಯನ್ನೂ ಹೇಳಿದೆವು. ದೊಡ್ಡವರಲ್ಲಿ ಇಬ್ಬರು ಎದ್ದು ಒಳಗೆ ಹೋದರು. ತಂಗಿಯ ಚಿಕ್ಕ ಮಗಳು ಮಾತ್ರ, "ಬುಟ್ಟಿ ತರುತ್ತಿದ್ದ ಆ ಅಜ್ಜಿಯ ಹೆಸರೇನು, ಮಾವಾ?" ಎಂದು ಕೇಳಿದಳು. ಕೂತಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪನವರು ಬಹಳ ಹೊತ್ತು ಯೋಚಿಸಿ, ಆಕೆಯು ಗುಡ್ಡೆಯ ಆಚೆಯಿಂದ ಬರುತ್ತಿದ್ದಳೆಂದು ಮಾತ್ರ ಹೇಳಿದರು.