ಕಾಣದ ಪಂಕ್ತಿಗೆ ಬಡಿಸುವವರು

ಕಲಬುರಗಿಯಲ್ಲಿ ಶ್ರಾವಣದ ಸೋಮವಾರ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗದ ಮನೆ ಕಡಮೆ. ನಾನೂ ಹೋಗುತ್ತೇನೆ, ಭಕ್ತಿಯಿಂದಲೋ ರೂಢಿಯಿಂದಲೋ ಎಂದು ಕೇಳಿದರೆ ಉತ್ತರ ಹೇಳಲಾರೆ. ಕಳೆದ ಶ್ರಾವಣದಲ್ಲಿ ದರ್ಶನ ಮುಗಿಸಿ ಹೊರಗೆ ಬಂದು ಕುಳಿತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. ಎಂ.ಎ. ಮುಗಿಸಿ ನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದವಳು.

“ಸರ್, ಬೆಂಗಳೂರಾಗ ನೌಕರಿ ಬಂದದ. ಪಾಠ ಹೇಳೋದಲ್ರೀ, ಪಾಠ ಬರಿಯೋದು. ಹೋಗ್ಲೋ ಬ್ಯಾಡೋ ತಿಳೀವಲ್ದು.”

“ಪಗಾರ ಛಲೋ ಅದ ಏನವ್ವಾ?”

“ಛಲೋನೇ ಅದ್ರೀ. ಆದ್ರ ಹುಡುಗರ ಮಾರಿ ಕಾಣಂಗಿಲ್ಲ. ಮಾರಿ ಕಾಣದ ಮ್ಯಾಲ ನಾ ಕಲಿಸಾಕಿ ಹ್ಯಾಂಗಾಗ್ತೀನ್ರೀ?”

ಈ ಉದ್ಯೋಗಕ್ಕೆ ಇನ್‌ಸ್ಟ್ರಕ್ಷನಲ್ ಡಿಸೈನ್ ಎಂದು ಹೆಸರು. ಪಾಠದ ವಿನ್ಯಾಸ ಎನ್ನೋಣ. ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ಸೈನಿಕರಿಗೆ ಬೇಗ ಬೇಗ ಕಲಿಸಬೇಕಾಗಿ ಬಂದಾಗ ಅಮೆರಿಕದಲ್ಲಿ ಬೆಳೆದ ವಿದ್ಯೆ ಇದು. ವಿಷಯ ಬಲ್ಲವನು ಒಬ್ಬ. ಅದನ್ನು ಕಲಿಯುವ ಕ್ರಮಕ್ಕೆ ತರುವವನು ಇನ್ನೊಬ್ಬ. ಪಾಠದ ಕೊನೆಗೆ ಕಲಿತವನು ಏನು ಮಾಡಬಲ್ಲವನಾಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಅದಕ್ಕೆ ತಕ್ಕ ಪ್ರಶ್ನೆ ಬರೆದು, ಆಮೇಲೆ ಪಾಠವನ್ನು ತುಂಡು ತುಂಡಾಗಿ ಕಟ್ಟಬೇಕು. ಒಂದು ಕಡೆ ಚಿತ್ರ, ಒಂದು ಕಡೆ ಮಾತು. ಕೆಲವರ ಮೇಲೆ ಪ್ರಯೋಗಿಸಿ ತಿದ್ದಬೇಕು. ಬ್ಯಾಂಕು, ಔಷಧದ ಕಂಪನಿ, ಶಾಲೆ, ವಿಶ್ವವಿದ್ಯಾಲಯ ಎಲ್ಲರಿಗೂ ಇದು ಬೇಕಾಗಿದೆ. ಕೇಂದ್ರ ಸರಕಾರದ ಸ್ವಯಂ, ದೀಕ್ಷಾ ಎರಡೂ ಬಂದದ್ದು 2017ರಲ್ಲಿ. ಭಾಷೆ ಓದಿದವರಿಗೂ ಇಲ್ಲಿ ಬಾಗಿಲುಂಟು. ಪದವಿಗಿಂತ, ತಾನೇ ಕಟ್ಟಿದ ನಾಲ್ಕು ಮಾದರಿ ಪಾಠಗಳಿಗೆ ಬೆಲೆ ಹೆಚ್ಚು.

ಆದರೆ ಈ ಏಣಿಯ ಮೆಟ್ಟಿಲೂ ಅಲುಗುತ್ತದೆ. 2022ರಲ್ಲಿ 22 ಶತಕೋಟಿ ಡಾಲರು ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಬೈಜೂಸ್ 2024ರ ಜುಲೈಯಲ್ಲಿ ದಿವಾಳಿಯ ವಿಚಾರಣೆಗೆ ಒಳಗಾಯಿತು. ಪಾಠದ ಮೊದಲ ಕರಡನ್ನು ಈಗ ಯಂತ್ರವೇ ಬರೆದುಕೊಡುತ್ತದೆ. ಬರಿಯ ಮಾತು ಹೊಂದಿಸಬಲ್ಲವರಿಗೆ ಇದು ಅಪಾಯ. ಕಲಿಯುವವನು ಎಲ್ಲಿ ಎಡವುತ್ತಾನೆಂದು ಬಲ್ಲವರಿಗೆ ಅಷ್ಟಿಲ್ಲ.

ಇಷ್ಟನ್ನೂ ಅವಳಿಗೆ ಹೇಳಿದೆ. ಹೇಳುವಾಗಲೇ ನನಗೆ ತಿಳಿಯಿತು, ಅವಳು ಕೇಳಿದ್ದು ಇದನ್ನಲ್ಲ. ಮುಖ ಕಾಣದೆ ಕಲಿಸುವುದು ಕಲಿಸುವುದೆ? ಅವಳ ಪ್ರಶ್ನೆ ಅದು.

“ಇಲ್ಲ” ಎನ್ನುವುದು ನನಗೆ ಸುಲಭವಾಗಿತ್ತು. ಮುಖ ನೋಡುತ್ತ ಕಲಿಸುವವನು ನಾನು. ಆದರೆ ನಾಲಗೆ ಏಳಲಿಲ್ಲ. 2020ರಲ್ಲಿ ಕಾಲೇಜು ಮುಚ್ಚಿದಾಗ ನಾನೂ ಫೋನಿನ ಮುಂದೆ ಕುಳಿತು ಪಾಠ ಹೇಳಿದ್ದೆ, ಹಾಜರಿ ತುಂಬಿದ್ದೆ. ಒಬ್ಬ ಹುಡುಗನ ಮನೆಯಲ್ಲಿ ಫೋನೇ ಇರಲಿಲ್ಲವೆಂದು ತಿಳಿದದ್ದು ಮರುವರ್ಷ, ಅವನು ಓದು ಬಿಟ್ಟ ಮೇಲೆ. ಕಾಣದ ಕಾರಣ ತಿಳಿಯಲಿಲ್ಲವೆಂದು ಸಮಾಧಾನ ಹೇಳಿಕೊಂಡಿದ್ದೆ. ನಿಜವೇನು? ಅದಕ್ಕೆ ಮುಂಚೆ ಒಂದು ವರ್ಷ ಅವನು ನನ್ನ ಕಣ್ಣೆದುರಿಗೇ ಕುಳಿತಿದ್ದ. ಆಗಲೂ ಅವನ ಮನೆಯ ಸ್ಥಿತಿ ನನಗೆ ತಿಳಿದಿರಲಿಲ್ಲ. ಮುಖ ಕಂಡಿತ್ತು, ಹುಡುಗ ಕಂಡಿರಲಿಲ್ಲ.

ಶರಣಬಸವೇಶ್ವರರು (1746–1822) ಅರಳಗುಂಡಗಿಯ ಒಕ್ಕಲಿಗರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರೆಂದು ನಮ್ಮ ಹಿರಿಯರು ಹೇಳುತ್ತಾರೆ. ದಾಸೋಹವೇ ಅವರ ಬದುಕು. ಇದೇ ಸಂಸ್ಥಾನ ನಿಜಾಮರ ಆಳಿಕೆಯಲ್ಲಿ, 1934ರಲ್ಲಿ, ವಿದ್ಯಾವರ್ಧಕ ಸಂಘವನ್ನು ಕಟ್ಟಿತು, 2017ರಲ್ಲಿ ವಿಶ್ವವಿದ್ಯಾಲಯವನ್ನೂ. ಅನ್ನಕ್ಕೂ ಅಕ್ಷರಕ್ಕೂ ಒಂದೇ ಪಂಕ್ತಿ ಎಂಬುದು ಇಲ್ಲಿಯವರಿಗೆ ಹೊಸ ಮಾತಲ್ಲ.

ಯಾವ ದಾಸೋಹದ ಮನೆಯಲ್ಲೇ ಆಗಲಿ, ಒಲೆಯ ಮುಂದಿರುವವನಿಗೆ ಉಣ್ಣುವವರ ಮುಖ ಕಾಣುವುದಿಲ್ಲ. ಹಾಗೆಂದು ಅವನ ಸೇವೆ ಕಡಮೆಯೆ? ಖಾರ ಹಾಕುವಾಗ ಅವನಿಗೆ ಮಕ್ಕಳ ನೆನಪಿದ್ದರೆ, ಅನ್ನ ಬೇಯಿಸುವಾಗ ಹಲ್ಲಿಲ್ಲದ ಮುದುಕರ ನೆನಪಿದ್ದರೆ, ಅವನು ಎಲ್ಲರನ್ನೂ ಕಂಡಂತೆಯೇ. ಆದರೆ ಅಷ್ಟೇ ಸಾಲದು. ಬಡಿಸುವವನು ಪಂಕ್ತಿಯ ಉದ್ದಕ್ಕೂ ಮತ್ತೆ ತಿರುಗಿ ಬಂದು “ಸಾಕೇ, ಬೇಕೇ?” ಎಂದು ಕೇಳಬೇಕು. ಕೇಳಿದ್ದು ಒಲೆಯವರೆಗೆ ಮುಟ್ಟಬೇಕು. ಎಷ್ಟು ಎಲೆ ಎದ್ದುವು ಎಂದು ಎಣಿಸಿದರೆ ಎಷ್ಟು ಹೊಟ್ಟೆ ತುಂಬಿತೆಂದು ತಿಳಿಯದು. ಇಂದಿನ ಪಾಠದ ಯಂತ್ರಗಳು ಎಣಿಸುವುದು ಬಹುಮಟ್ಟಿಗೆ ಎಲೆಗಳನ್ನೇ: ಎಷ್ಟು ಜನ ನೋಡಿದರು, ಎಷ್ಟು ಜನ ಕೊನೆ ಮುಟ್ಟಿದರು. ನನ್ನ ಹಾಜರಿ ಪುಸ್ತಕವೂ ಮಾಡುವುದು ಅದನ್ನೇ ಅಲ್ಲವೆ?

“ಹೋಗವ್ವಾ” ಎಂದೆ. “ಆದರ ಒಂದು ಮಾತು. ಬರದ ಪಾಠ ಒಂದೊಂದೂ ನಿಮ್ಮೂರಿನ ಒಂದು ಹುಡುಗಗರೆ ತೋರಿಸಿ ಕಳಸು. ಅಂವಗ ತಿಳೀಲಿಲ್ಲಂದ್ರ ತಿದ್ದು. ತಿದ್ದಾಕ ಬಿಡದ ಜಾಗಾ ಇದ್ದರ, ಪಗಾರ ಎಷ್ಟೇ ಇರ್ಲಿ, ಬಿಟ್ಟು ಬಾ.”

ಅವಳು ನಕ್ಕಳು. “ನೀವು ಹಂಗ ತಿದ್ದತಿದ್ರೇನ್ರೀ, ಸರ್?”

ಕೇಳಿದ ದನಿಯಲ್ಲಿ ಕೊಂಕಿರಲಿಲ್ಲ. ಅದರಿಂದಲೇ ಹೆಚ್ಚು ನಾಟಿತು. ನನ್ನ ಟಿಪ್ಪಣಿಯ ಪುಸ್ತಕಕ್ಕೆ ಹದಿನೈದು ವರ್ಷ. ಅವಳೂ ಅದನ್ನೇ ಕೇಳಿ ಪಾಸಾದವಳು.

ಮರುದಿನ ತರಗತಿಯಲ್ಲಿ ಪಾಠವನ್ನು ನಡುವೆ ನಿಲ್ಲಿಸಿ, ಕೊನೆಯ ಬೆಂಚಿನ ಹುಡುಗನನ್ನು ಎಬ್ಬಿಸಿ, ಇದುವರೆಗೆ ಏನು ತಿಳಿಯಿತೆಂದು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಸಾಮಾನ್ಯವಾಗಿ ಗದರುತ್ತಿದ್ದೆ. ಅಂದು ಪುಸ್ತಕ ಮುಚ್ಚಿ, ಮೊದಲಿನಿಂದ ಹೇಳಿದೆ.